ಶಿಕ್ಷೆ, ಶಿಕ್ಷಣ ಮತ್ತು ಕ್ಷಮೆ



“ಮಾಡಿದ್ದುಣ್ಣೋ ಮಹಾರಾಯ” ಎಂಬುದು ನಮ್ಮಲ್ಲಿ ಬಹು ಹಳೆಯ ಮಾತು. ತಪ್ಪು ಮಾಡಿದವನು ಅದರ ಫಲವನ್ನು ಉಣ್ಣಲೇಬೇಕು ಎಂಬುದು ಇದರ ತಾತ್ಪರ್ಯ. ಮಾತು ಸುಳ್ಳಲ್ಲ. ಆದರೆ ಇದನ್ನು ತಿರುಗಿಸಿ, “ಇವನಿಗೆ ಕಷ್ಟ ಬಂದಿದೆ, ಆದ್ದರಿಂದ ಇವನು ಏನೋ ತಪ್ಪು ಮಾಡಿರಲೇಬೇಕು” ಎಂದು ಹೇಳಿದರೆ ಅದು ನಿಜವಾಗುತ್ತದೆಯೇ? ಕೆಲವು ವರ್ಷಗಳ ಹಿಂದೆ ಒಬ್ಬ ಹುಡುಗ ನಮ್ಮ ಮುಂದೆ ನಿಂತು ಈ ಪ್ರಶ್ನೆಯನ್ನು ಕೇಳಿದ. ಅಂದು ಅವನಿಗೆ ತಕ್ಕ ಉತ್ತರ ಕೊಡಲು ನಮಗೆ ಆಗಲಿಲ್ಲ. ಈ ಲೇಖನ ಒಂದು ಬಗೆಯಲ್ಲಿ ಆ ಹುಡುಗನಿಗೆ ಕೊಡುವ ತಡವಾದ ಉತ್ತರ.

ನಡೆದದ್ದು ಇಷ್ಟು. ಘಟಕ ಪರೀಕ್ಷೆಯಲ್ಲಿ ಅಂಕಗಳು ಕಡಿಮೆ ಬಂದವೆಂದು ಆ ಹುಡುಗ ಪ್ರಗತಿಪತ್ರಕದ ಮೇಲೆ ತಂದೆಯ ಸಹಿಯನ್ನು ತಾನೇ ಮಾಡಿ ತಂದಿದ್ದ. ಅದು ನಮ್ಮ ಕಣ್ಣಿಗೆ ಬಿತ್ತು. ಸಿಟ್ಟಿನ ಭರದಲ್ಲಿ ನಾವು ಇಡೀ ವರ್ಗದ ಎದುರಿಗೆ, “ಹೆತ್ತ ತಂದೆಗೆ ಮೋಸ ಮಾಡಿದವನನ್ನು ದೇವರು ಸುಮ್ಮನೆ ಬಿಡುವುದಿಲ್ಲ” ಎಂದು ಹೇಳಿದೆವು. ಹೇಳಿ ಮರೆತೂ ಬಿಟ್ಟೆವು. ಹತ್ತು ದಿನ ಕಳೆದಿರಲಿಲ್ಲ. ಇಚಲಕರಂಜಿಯ ಮಗ್ಗದ ಕೆಲಸ ಮುಗಿಸಿ ರಾತ್ರಿ ಪಾಳಿಯಿಂದ ಸೈಕಲ್ ಮೇಲೆ ಬರುತ್ತಿದ್ದ ಅವನ ತಂದೆ ರಸ್ತೆಯ ತಗ್ಗಿನಲ್ಲಿ ಬಿದ್ದು ಕಾಲು ಮುರಿದುಕೊಂಡರು. ಮರುದಿನ ಮಧ್ಯಾಹ್ನದ ಬಿಡುವಿನಲ್ಲಿ ಹುಡುಗ ಬಂದು ಮೆಲ್ಲಗೆ ಕೇಳಿದ: “ಸರ್, ನಾ ತಪ್ಪ ಮಾಡೀನಂತ ದೇವರು ನಮ್ಮ ಅಪ್ಪಗ ಶಿಕ್ಷಾ ಕೊಟ್ಟಾನೇನ್ರಿ?”

ಎಲ್ಲ ಧರ್ಮಗಳೂ ಈ ಪ್ರಶ್ನೆಯನ್ನು ಎದುರಿಸಿವೆ. ಕರ್ಮಸಿದ್ಧಾಂತದ ಬಗೆಗೆ, ಶರಣರು ಹೇಳಿದ ದಯೆಯ ಬಗೆಗೆ ನೀವು ಪಾಠಗಳಲ್ಲಿ ಓದಿರುತ್ತೀರಿ. ಆ ಹುಡುಗ ಕೇಳಿದ ಪ್ರಶ್ನೆ ಹೆಚ್ಚುಕಡಿಮೆ ಅದೇ ರೂಪದಲ್ಲಿ ಕ್ರೈಸ್ತರ ಪವಿತ್ರ ಗ್ರಂಥವಾದ ಬೈಬಲಿನಲ್ಲಿ ಬಂದಿದೆ. ಆದ್ದರಿಂದ ಈ ಸಲ ಕ್ರೈಸ್ತ ಚಿಂತನೆ ಇದಕ್ಕೆ ಏನು ಹೇಳುತ್ತದೆ ಎಂಬುದನ್ನು ನೋಡೋಣ.

ಒಂದೇ ಮಾತು, ಎರಡು ಅರ್ಥ

ಮೊದಲು ನಮ್ಮ ಮಾತನ್ನೇ ಪರೀಕ್ಷಿಸೋಣ. ಶಿಕ್ಷಕ, ಶಿಕ್ಷಣ, ಶಿಕ್ಷೆ: ಈ ಮೂರೂ ಒಂದೇ ಧಾತುವಿನಿಂದ ಹುಟ್ಟಿದ ಶಬ್ದಗಳು. ಸಂಸ್ಕೃತದಲ್ಲಿ ‘ಶಿಕ್ಷಾ’ ಎಂದರೆ ಕಲಿಕೆ. ವೇದದ ಆರು ಅಂಗಗಳಲ್ಲಿ ಒಂದಾದ ಉಚ್ಚಾರಣಶಾಸ್ತ್ರಕ್ಕೆ ‘ಶಿಕ್ಷಾ’ ಎಂದೇ ಹೆಸರು. ನಮ್ಮ ಗಡಿಭಾಗದ ಮಕ್ಕಳಿಗೆ ಇನ್ನೊಂದು ಮೋಜು ಗೊತ್ತು. ಹಿಂದಿಯ ತಾಸಿನಲ್ಲಿ ‘ಶಿಕ್ಷಾ’ ಎಂದರೆ ವಿದ್ಯೆ; ಮರಾಠಿಯ ತಾಸಿನಲ್ಲಿ ಅದೇ ‘ಶಿಕ್ಷಾ’ ಎಂದರೆ ದಂಡನೆ. ಕನ್ನಡದಲ್ಲಿಯೂ ಶಿಕ್ಷೆ ಎಂದೊಡನೆ ನೆನಪಾಗುವುದು ಬೆತ್ತವೇ ಹೊರತು ಪುಸ್ತಕವಲ್ಲ.

ಬೈಬಲಿನ ಮೂಲ ಭಾಷೆಗಳಲ್ಲಿಯೂ ಇದೇ ಸ್ಥಿತಿಯಿದೆ. ಅದರ ಮೊದಲ ಭಾಗವಾದ ಹಳೆಯ ಒಡಂಬಡಿಕೆಯ ಬಹುಭಾಗ ಹೀಬ್ರೂ ಭಾಷೆಯಲ್ಲಿದೆ. ಅಲ್ಲಿ ಬರುವ ‘ಮೂಸಾರ್’ ಎಂಬ ಶಬ್ದಕ್ಕೆ ಬುದ್ಧಿವಾದ, ತಿದ್ದುವಿಕೆ, ದಂಡನೆ ಎಂಬ ಅರ್ಥಗಳಿವೆ. ಹೊಸ ಒಡಂಬಡಿಕೆ ಗ್ರೀಕ್ ಭಾಷೆಯಲ್ಲಿದೆ. ಅಲ್ಲಿಯ ಶಬ್ದ ‘ಪೈದೇಯ’. ಅದು ಮಗು ಎಂಬ ಅರ್ಥದ ಶಬ್ದದಿಂದ ಹುಟ್ಟಿ, ಮಗುವನ್ನು ಬೆಳೆಸುವುದು, ಕಲಿಸುವುದು, ತಿದ್ದುವುದು ಎಂಬುದನ್ನೆಲ್ಲ ಒಳಗೊಳ್ಳುತ್ತದೆ. ಇಬ್ರಿಯರಿಗೆ ಬರೆದ ಪತ್ರಿಕೆಯ 12ನೆಯ ಅಧ್ಯಾಯ, ಜ್ಞಾನೋಕ್ತಿಗಳ ಗ್ರಂಥದ ಮಾತೊಂದನ್ನು ಆಧಾರವಾಗಿ ಹಿಡಿದು, ದೇವರು ತನ್ನ ಮಕ್ಕಳನ್ನು ತಂದೆಯಂತೆ ತಿದ್ದುತ್ತಾನೆ ಎಂದು ಹೇಳುತ್ತದೆ. ತಿದ್ದುವಾಗ ನೋವಾಗುತ್ತದೆ, ಆದರೆ ಅದರ ಉದ್ದೇಶ ಮಗುವಿನ ಒಳಿತು ಎಂಬುದು ಅಲ್ಲಿಯ ವಾದ.

ಇಲ್ಲಿ ಒಂದು ಸೂಕ್ಷ್ಮವಾದ ವ್ಯತ್ಯಾಸವಿದೆ. ದಂಡನೆ ಹಿಂದಕ್ಕೆ ನೋಡುತ್ತದೆ: ನೀನು ಏನು ಮಾಡಿದೆ, ಅದಕ್ಕೆ ಎಷ್ಟು ತೆರಬೇಕು ಎಂದು ಲೆಕ್ಕ ಹಾಕುತ್ತದೆ. ಶಿಸ್ತು ಮುಂದಕ್ಕೆ ನೋಡುತ್ತದೆ: ನೀನು ಏನಾಗಬೇಕು ಎಂದು ಕೇಳುತ್ತದೆ. ಕ್ರೈಸ್ತ ಧರ್ಮದಲ್ಲಿ ದಂಡನೆಯ ಮಾತೇ ಇಲ್ಲವೆಂದು ಯಾರೂ ತಿಳಿಯಬಾರದು. ಕೊನೆಯ ನ್ಯಾಯತೀರ್ಪು, ಸ್ವರ್ಗ, ನರಕಗಳ ವಿಚಾರ ಅಲ್ಲಿ ಸ್ಪಷ್ಟವಾಗಿದೆ. ದೇವರ ದಂಡನೆಯೆಲ್ಲವೂ ಕೊನೆಗೆ ಗುಣಪಡಿಸುವ ಔಷಧವೇ ಆಗಿರಬೇಕೆಂದು ಮೂರನೆಯ ಶತಮಾನದ ಪಂಡಿತ ಒರಿಜನ್ ಆಶಿಸಿದ; ಎಲ್ಲರೂ ಕಡೆಗೆ ಉದ್ಧಾರವಾಗುತ್ತಾರೆಂಬ ಆ ವಿಚಾರವನ್ನು ಮುಂದೆ ಚರ್ಚು ಒಪ್ಪಲಿಲ್ಲ. ಆದರೆ ಈ ಬದುಕಿನಲ್ಲಿ ಬರುವ ಕಷ್ಟವನ್ನು ನೋಡಿ, ಇದು ಇಂಥ ಪಾಪಕ್ಕೆ ದೇವರು ಕೊಟ್ಟ ದಂಡನೆ ಎಂದು ತೀರ್ಪು ಹೇಳುವ ಅಧಿಕಾರ ಮನುಷ್ಯನಿಗೆ ಉಂಟೇ? ನಮ್ಮ ಹುಡುಗನ ಪ್ರಶ್ನೆ ಇರುವುದು ಇಲ್ಲಿ.

ಕಷ್ಟವೆಲ್ಲ ದಂಡನೆಯೇ?

ಹಳೆಯ ಒಡಂಬಡಿಕೆಯ ಕೆಲವು ಭಾಗಗಳಲ್ಲಿ, ದೇವರ ಆಜ್ಞೆಯನ್ನು ಪಾಲಿಸಿದ ಜನಾಂಗಕ್ಕೆ ಮಳೆಬೆಳೆ, ಮೀರಿದ ಜನಾಂಗಕ್ಕೆ ಬರಗಾಲ, ರೋಗ ಎಂಬ ಎಚ್ಚರಿಕೆ ಇದೆ. ಅದೇ ಗ್ರಂಥದಲ್ಲಿ ಯೋಬನ ಕಥೆಯೂ ಇದೆ. ಯೋಬ ಸತ್ಯವಂತ. ಅವನು ಒಂದೇ ದಿನದಲ್ಲಿ ದನಕರು, ಆಳುಕಾಳು, ಮಕ್ಕಳು ಎಲ್ಲವನ್ನೂ ಕಳೆದುಕೊಂಡ. ಮುಂದೆ ಮೈತುಂಬ ಹುಣ್ಣಾಗಿ ಬೂದಿಯಲ್ಲಿ ಕುಳಿತ. ಅವನನ್ನು ಸಂತೈಸಲು ಬಂದ ಮೂವರು ಗೆಳೆಯರು ಏಳು ದಿನ ಬಾಯಿ ಬಿಡದೆ ಅವನ ಬಳಿ ಕುಳಿತರು. ಅಲ್ಲಿಯವರೆಗೆ ಅವರು ನಿಜವಾದ ಗೆಳೆಯರೇ. ಮಾತು ಆರಂಭಿಸಿದ ಮೇಲೆ ಮಾತ್ರ ಕೆಟ್ಟರು. “ನೀನು ಗುಪ್ತವಾಗಿ ಏನೋ ಪಾಪ ಮಾಡಿರಲೇಬೇಕು, ಒಪ್ಪಿಕೋ” ಎಂದು ಮೂವರೂ ಸರದಿಯಂತೆ ಅವನನ್ನು ಚುಚ್ಚಿದರು. 42 ಅಧ್ಯಾಯಗಳ ಆ ಗ್ರಂಥದ ಕೊನೆಯಲ್ಲಿ ದೇವರು ಸಿಟ್ಟಾಗುವುದು ಯೋಬನ ಮೇಲಲ್ಲ, ದೇವರ ಪರವಾಗಿ ವಾದಿಸಿದೆವೆಂದು ತಿಳಿದಿದ್ದ ಈ ಗೆಳೆಯರ ಮೇಲೆ! ಅವರಿಗಾಗಿ ಯೋಬನೇ ಪ್ರಾರ್ಥಿಸಬೇಕಾಯಿತು.

ಯೇಸುಕ್ರಿಸ್ತರ ಎದುರಿಗೂ ಈ ಪ್ರಶ್ನೆ ಬಂದಿತು. ಯೋಹಾನನ ಸುವಾರ್ತೆಯ 9ನೆಯ ಅಧ್ಯಾಯದಲ್ಲಿ ಒಬ್ಬ ಹುಟ್ಟುಕುರುಡನನ್ನು ಕಂಡು ಶಿಷ್ಯರು, ಇವನು ಕುರುಡನಾಗಿ ಹುಟ್ಟಲು ಯಾರ ಪಾಪ ಕಾರಣ, ಇವನದೋ ಇವನ ತಂದೆತಾಯಿಗಳದೋ ಎಂದು ಕೇಳುತ್ತಾರೆ. ಇವನದೂ ಅಲ್ಲ, ಇವನ ತಂದೆತಾಯಿಗಳದೂ ಅಲ್ಲ ಎಂಬುದು ಯೇಸುವಿನ ಉತ್ತರ. ಉತ್ತರ ಕೊಟ್ಟು ಸುಮ್ಮನಾಗದೆ ಅವನಿಗೆ ಕಣ್ಣು ಬರುವಂತೆ ಮಾಡಿದರೆಂದು ಕಥೆ ಮುಂದುವರಿಯುತ್ತದೆ. ಲೂಕನ ಸುವಾರ್ತೆಯಲ್ಲಿ ಇನ್ನೊಂದು ಪ್ರಸಂಗ: ಜೆರುಸಲೇಮಿನ ಸಿಲೋವದಲ್ಲಿ ಗೋಪುರ ಕುಸಿದು 18 ಜನ ಸತ್ತಿದ್ದರು. ಸತ್ತವರು ಊರಿನ ಉಳಿದವರಿಗಿಂತ ಹೆಚ್ಚು ಪಾಪಿಗಳಾಗಿದ್ದರೆಂದು ತಿಳಿಯಬೇಡಿ ಎಂದು ಯೇಸು ಎಚ್ಚರಿಸಿದರು. ಬದುಕಿ ಉಳಿದವರು ಮೊದಲು ತಮ್ಮನ್ನು ತಾವು ತಿದ್ದಿಕೊಳ್ಳಲಿ ಎಂದರು.

ಇದು ಎರಡು ಸಾವಿರ ವರ್ಷಗಳ ಹಿಂದಿನ ಮಾತು ಮಾತ್ರವಲ್ಲ. 1934ರ ಜನವರಿ 15ರಂದು ಬಿಹಾರದಲ್ಲಿ ಭೀಕರ ಭೂಕಂಪವಾಯಿತು. ಆಗ ಹರಿಜನೋದ್ಧಾರದ ಪ್ರವಾಸದಲ್ಲಿದ್ದ ಮಹಾತ್ಮಾ ಗಾಂಧೀಜಿಯವರು, ಇದು ಅಸ್ಪೃಶ್ಯತೆಯ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಎಂದು ಹೇಳಿದರು. ಅಸ್ಪೃಶ್ಯತೆಯನ್ನು ಅವರಷ್ಟೇ ವಿರೋಧಿಸುತ್ತಿದ್ದ ರವೀಂದ್ರನಾಥ ಠಾಕೂರರು ಇದನ್ನು ಒಪ್ಪಲಿಲ್ಲ. ಭೂಕಂಪಕ್ಕೆ ಕಾರಣ ಭೌತಿಕವಾದದ್ದು. ಅದನ್ನು ನೀತಿಯ ಜೊತೆ ಗಂಟು ಹಾಕಬಾರದು ಎಂಬುದು ಅವರ ವಾದ. ಗಾಂಧೀಜಿಯವರು ಆ ಆಕ್ಷೇಪವನ್ನು ತಮ್ಮ ‘ಹರಿಜನ’ ಪತ್ರಿಕೆಯಲ್ಲಿಯೇ ಪ್ರಕಟಿಸಿ ಉತ್ತರಿಸಿದರು. ಇಬ್ಬರೂ ದೊಡ್ಡವರು, ಇಬ್ಬರೂ ದೈವಭಕ್ತರು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ನಮ್ಮದೇ ರಾಜ್ಯದ ಕಿಲ್ಲಾರಿ ಭಾಗದಲ್ಲಿ ಭೂಮಿ ನಡುಗಿ ಸುಮಾರು ಹತ್ತು ಸಾವಿರ ಜನ ಸತ್ತರು. ಕಲ್ಲುಮಣ್ಣಿನ ಭಾರವಾದ ಗೋಡೆಗಳ ಕೆಳಗೆ ಮಲಗಿದ್ದ ಆ ಎಳೆಗೂಸುಗಳು ಯಾವ ಪಾಪ ಮಾಡಿದ್ದವು? 2019ರಲ್ಲಿ, 2021ರಲ್ಲಿ ಪಂಚಗಂಗೆ, ಕೃಷ್ಣೆಯರ ಮಹಾಪೂರವನ್ನು ನಾವೇ ಕಂಡೆವು. ನೀರು ಪಾಪಿಯ ಮನೆ, ಪುಣ್ಯವಂತನ ಮನೆ ಎಂದು ಆರಿಸಿ ನುಗ್ಗಲಿಲ್ಲ.

ಮಿರಜದ ಪಾಠ

ಕಷ್ಟವನ್ನು ದೇವರ ದಂಡನೆ ಎಂದು ತಿಳಿಯುವುದರಿಂದ ಏನು ಹಾನಿ ಎಂದು ಕೆಲವರು ಕೇಳಬಹುದು. ಇದಕ್ಕೆ ಕುಷ್ಠರೋಗಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇರೆ ಬೇಡ. ನಮ್ಮ ಹಿರಿಯರು ಅದನ್ನು ‘ಮಹಾರೋಗ’ ಎನ್ನುತ್ತಿದ್ದರು. ಅದು ಪೂರ್ವಜನ್ಮದ ಪಾಪದ ಫಲ ಎಂದು ಇಲ್ಲಿಯ ಜನ ನಂಬಿದರು. ದೇವರ ಕೋಪ ಎಂದು ಬೇರೆ ನಾಡಿನ ಜನ ನಂಬಿದರು. ಮಧ್ಯಯುಗದ ಕ್ರೈಸ್ತ ಯೂರೋಪಿನಲ್ಲಿಯೂ ಈ ರೋಗಿಗಳ ವಾಸ ಊರ ಹೊರಗೇ ಇತ್ತು. ಒಮ್ಮೆ ಪಾಪಿ ಎಂಬ ಹಣೆಪಟ್ಟಿ ಹಚ್ಚಿದ ಮೇಲೆ ಮದ್ದು ಹುಡುಕುವ ಗೋಜು ಯಾರಿಗೆ ಬೇಕು?

ಆದರೆ ಸುವಾರ್ತೆಗಳಲ್ಲಿ ಯೇಸು ಕುಷ್ಠರೋಗಿಯನ್ನು ಕೈಚಾಚಿ ಮುಟ್ಟಿದರೆಂದು ಬರೆದಿದೆ. ಆ ಕಥೆಯನ್ನು ಮನಸ್ಸಿಗೆ ಹಚ್ಚಿಕೊಂಡವರು ಶುಶ್ರೂಷೆಗೆ ಇಳಿದರು. ಹಾತಕಣಂಗಲೆಯಲ್ಲಿ ರೈಲು ಹತ್ತಿದರೆ ಜಯಸಿಂಗಪುರ ದಾಟಿ ಮಿರಜ ಬರುತ್ತದೆ. ಅಲ್ಲಿ 1894ರಲ್ಲಿ ಡಾಕ್ಟರ್ ವಿಲಿಯಂ ವಾನ್ಲೆಸ್ ಅವರು ತೆರೆದ ಮಿಶನ್ ಆಸ್ಪತ್ರೆಯ ಹೆಸರನ್ನು ಗಡಿಯ ಈಚೆ ಆಚೆಯ ಕನ್ನಡ, ಮರಾಠಿ ಮನೆಗಳ ಅಜ್ಜ ಅಜ್ಜಿಯರು ಬಲ್ಲರು. ಕುಷ್ಠರೋಗಿಗಳಿಗಾಗಿಯೇ ಇದ್ದ ರಿಚರ್ಡ್‌ಸನ್ ಆಸ್ಪತ್ರೆಯೂ ಮಿರಜದ್ದೇ. ಮನೆಯವರೇ ಮುಟ್ಟದವರನ್ನು ಅಲ್ಲಿಯ ದಾದಿಯರು ಮುಟ್ಟಿ ಹುಣ್ಣು ತೊಳೆದರು.

ಇನ್ನೊಂದು ಕಡೆ ವಿಜ್ಞಾನ ತನ್ನ ಕೆಲಸ ಮಾಡಿತು. 1873ರಲ್ಲಿ ನಾರ್ವೆ ದೇಶದ ವೈದ್ಯ ಹ್ಯಾನ್ಸೆನ್, ಈ ರೋಗಕ್ಕೆ ಕಾರಣ ಒಂದು ಸೂಕ್ಷ್ಮಜೀವಿ ಎಂಬುದನ್ನು ಕಂಡುಹಿಡಿದ. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹಲವು ಔಷಧಗಳನ್ನು ಕೂಡಿಸಿ ಕೊಡುವ ಚಿಕಿತ್ಸೆಯನ್ನು ಶಿಫಾರಸು ಮಾಡಿತು. ಇಂದು ಸರಕಾರಿ ಆರೋಗ್ಯ ಕೇಂದ್ರದಲ್ಲಿ ಅದು ಪುಕ್ಕಟೆ ಸಿಗುತ್ತದೆ. ಆರು ತಿಂಗಳೋ ಒಂದು ವರ್ಷವೋ ತಪ್ಪದೆ ಔಷಧ ತೆಗೆದುಕೊಂಡರೆ ರೋಗ ವಾಸಿಯಾಗುತ್ತದೆ. ಬೇಗ ಆರಂಭಿಸಿದರೆ ಅಂಗಗಳೂ ಊನವಾಗುವುದಿಲ್ಲ. ಔಷಧಕ್ಕೆ ಸೂಕ್ಷ್ಮಜೀವಿ ಸಾಯುತ್ತದೆ. ಜನರ ಮನಸ್ಸಿನ ಹಣೆಪಟ್ಟಿ ಅಷ್ಟು ಬೇಗ ಸಾಯುವುದಿಲ್ಲ. 1898ರಷ್ಟು ಹಿಂದಿನ ಕುಷ್ಠರೋಗಿಗಳ ಕಾಯ್ದೆ ರದ್ದಾದದ್ದು 2016ರಲ್ಲಿ. ಕುಷ್ಠರೋಗವನ್ನು ವಿಚ್ಛೇದನಕ್ಕೆ ಕಾರಣವೆಂದು ಹೇಳುವ ಅವಕಾಶವನ್ನು ಸಂಸತ್ತು ತೆಗೆದುಹಾಕಿದ್ದು 2019ರಲ್ಲಿ. ದೇವರ ಹೆಸರಿನಲ್ಲಿ ಮನುಷ್ಯರು ವಿಧಿಸಿದ ಶಿಕ್ಷೆ ಎಷ್ಟು ದೀರ್ಘವಾದದ್ದು ನೋಡಿರಿ!

ಕ್ಷಮೆ ಅಗ್ಗದ ಸರಕಲ್ಲ

ಹಾಗಾದರೆ ನಿಜವಾಗಿಯೂ ತಪ್ಪು ಮಾಡಿದವನ ಗತಿ ಏನು? ಕ್ರೈಸ್ತ ಧರ್ಮ ಅವನ ಮುಂದೆ ಇಡುವುದು ಕ್ಷಮೆಯನ್ನು. ಮನುಷ್ಯರು ತೆರಬೇಕಾಗಿದ್ದ ಪಾಪದ ಸಾಲವನ್ನು ಯೇಸು ಶಿಲುಬೆಯ ಮೇಲೆ ತಾನೇ ಹೊತ್ತರೆಂಬುದು ಕ್ರೈಸ್ತರ ನಂಬಿಕೆ. ಶುಭ ಶುಕ್ರವಾರ ಅವರಿಗೆ ಅಷ್ಟು ಪವಿತ್ರವಾದದ್ದು ಈ ಕಾರಣಕ್ಕಾಗಿಯೇ. ಆದರೆ ಕ್ಷಮೆ ಎಂದರೆ, “ಇರಲಿ ಬಿಡು” ಎಂದು ಕೈ ಝಾಡಿಸುವುದಲ್ಲ. ರೋಮನ್ ಕ್ಯಾಥೊಲಿಕರಲ್ಲಿ ಪಾಪನಿವೇದನೆ ಎಂಬ ಸಂಸ್ಕಾರವಿದೆ. ಅದಕ್ಕೆ ಐದು ಮೆಟ್ಟಿಲು: ಮಾಡಿದ ತಪ್ಪನ್ನು ನೆನೆಯುವುದು, ಅದಕ್ಕಾಗಿ ಮನಸ್ಸು ನೋಯುವುದು, ಮತ್ತೆ ಮಾಡೆನೆಂದು ನಿಶ್ಚಯಿಸುವುದು, ಗುರುಗಳ ಮುಂದೆ ಬಾಯಿಬಿಟ್ಟು ಹೇಳುವುದು, ಅವರು ಹೇಳಿದ ಪ್ರಾಯಶ್ಚಿತ್ತವನ್ನು ಮಾಡುವುದು. ಪ್ರೊಟೆಸ್ಟಂಟರು ಹೆಚ್ಚಾಗಿ ಪಾದ್ರಿಯ ಮಧ್ಯಸ್ಥಿಕೆ ಇಲ್ಲದೆ ನೇರವಾಗಿ ದೇವರಲ್ಲಿಯೇ ಅರಿಕೆ ಮಾಡಿಕೊಳ್ಳುತ್ತಾರೆ. ದಾರಿ ಬೇರೆಯಾದರೂ ತಪ್ಪನ್ನು ಒಪ್ಪಿಕೊಳ್ಳದೆ ಕ್ಷಮೆಯ ಬಾಗಿಲು ದಾಟಲಾಗದು ಎಂಬಲ್ಲಿ ಭೇದವಿಲ್ಲ.

ಒಪ್ಪಿಕೊಂಡರಷ್ಟೇ ಸಾಲದು, ಕೆಡಿಸಿದ್ದನ್ನು ಸರಿಪಡಿಸಬೇಕು. ಜಕ್ಕಾಯನೆಂಬ ಸುಂಕದವನು ಜನರನ್ನು ಸುಲಿದು ಶ್ರೀಮಂತನಾಗಿದ್ದ. ಯೇಸು ಅವನನ್ನು ಬೈಯಲಿಲ್ಲ. ಅವನ ಮನೆಗೆ ಅತಿಥಿಯಾಗಿ ಹೋದರು. ಆ ಪ್ರೀತಿಗೆ ಕರಗಿದ ಜಕ್ಕಾಯ, ತನ್ನ ಆಸ್ತಿಯಲ್ಲಿ ಅರ್ಧವನ್ನು ಬಡವರಿಗೆ ಕೊಡುವೆನೆಂದೂ ಮೋಸದಿಂದ ತೆಗೆದುಕೊಂಡದ್ದನ್ನು ನಾಲ್ಕು ಪಟ್ಟಾಗಿ ಮರಳಿಸುವೆನೆಂದೂ ಎದ್ದು ನಿಂತು ಹೇಳಿದ. ಇಲ್ಲಿ ಬೆತ್ತ ಎಲ್ಲಿಯೂ ಇಲ್ಲ, ಆದರೆ ಶಿಸ್ತು ಪೂರ್ತಿಯಾಗಿದೆ.

ಕ್ಷಮೆ ಪಡೆದವನು ಕ್ಷಮಿಸಲೂಬೇಕು. ಮತ್ತಾಯನ ಸುವಾರ್ತೆಯ 18ನೆಯ ಅಧ್ಯಾಯದಲ್ಲಿ ಒಬ್ಬ ಸೇವಕ ಅರಸನಿಗೆ ಹತ್ತು ಸಾವಿರ ತಲಾಂತು ಸಾಲಗಾರ. ಬೇಡಿಕೊಂಡಾಗ ಅರಸ ಎಲ್ಲವನ್ನೂ ಮನ್ನಾ ಮಾಡಿದ. ಹೊರಗೆ ಬಂದ ಅವನು, ತನಗೆ ಕೇವಲ ನೂರು ದಿನಾರಿ ಕೊಡಬೇಕಾಗಿದ್ದ ಜೊತೆಯವನ ಕುತ್ತಿಗೆ ಹಿಡಿದು ಅವನನ್ನು ಸೆರೆಮನೆಗೆ ಹಾಕಿಸಿದ. ಅರಸ ಇದನ್ನು ಕೇಳಿ ಮನ್ನಾ ಮಾಡಿದ್ದನ್ನು ಹಿಂತೆಗೆದುಕೊಂಡ. ಗಣಿತ ಬಲ್ಲ ಮಕ್ಕಳು ಲೆಕ್ಕ ಹಾಕಿ ನೋಡಲಿ. ಒಂದು ದಿನಾರಿ ಎಂದರೆ ಒಂದು ದಿನದ ಕೂಲಿ. ಒಂದು ತಲಾಂತು ಎಂದರೆ ಸುಮಾರು 6,000 ದಿನಾರಿ. ಹತ್ತು ಸಾವಿರ ತಲಾಂತು ಆರು ಕೋಟಿ ದಿನಗಳ ಕೂಲಿಯಾಯಿತು. ವರ್ಷಕ್ಕೆ 300 ದಿನ ದುಡಿದರೂ ತೀರಿಸಲು ಎರಡು ಲಕ್ಷ ವರ್ಷ ಬೇಕು! ನಮಗೆ ಸಿಕ್ಕ ಕ್ಷಮೆ ಇಷ್ಟು ದೊಡ್ಡದು, ನಾವು ಕೊಡಬೇಕಾದದ್ದು ನೂರು ದಿನದ ಕೂಲಿಯಷ್ಟು ಚಿಕ್ಕದು ಎಂಬುದು ಕಥೆಯ ಮರ್ಮ.

ಕಥೆಯಲ್ಲಿ ಇದು ಸುಲಭ, ಬದುಕಿನಲ್ಲಿ ಸಾಧ್ಯವೇ? ಆಸ್ಟ್ರೇಲಿಯದಿಂದ 1965ರಲ್ಲಿ ಬಂದ ಗ್ರಹಾಂ ಸ್ಟೇನ್ಸ್ ಅವರು ಒಡಿಶಾದ ಬಾರಿಪದಾದಲ್ಲಿ ಕುಷ್ಠರೋಗಿಗಳ ಸೇವೆ ಮಾಡಿಕೊಂಡಿದ್ದರು. 1999ರ ಜನವರಿ 22ರ ನಡುರಾತ್ರಿ ಮನೋಹರಪುರ ಎಂಬ ಹಳ್ಳಿಯಲ್ಲಿ ವಾಹನದಲ್ಲಿ ಮಲಗಿದ್ದ ಅವರನ್ನೂ ಹತ್ತು ವರ್ಷದ ಫಿಲಿಪ್, ಆರು ವರ್ಷದ ತಿಮೊಥಿ ಎಂಬ ಇಬ್ಬರು ಮಕ್ಕಳನ್ನೂ ಗುಂಪೊಂದು ಸುಟ್ಟು ಕೊಂದಿತು. ದೇಶದ ಎಲ್ಲ ಧರ್ಮಗಳ ಜನರೂ ಈ ಕೃತ್ಯಕ್ಕೆ ಮರುಗಿದರು. ಅವರ ಪತ್ನಿ ಗ್ಲಾಡಿಸ್ ಅವರು, ಕೊಂದವರನ್ನು ತಾವು ಕ್ಷಮಿಸಿರುವುದಾಗಿ ಹೇಳಿದರು. ಹೇಳಿ ಊರಿಗೆ ಮರಳಲಿಲ್ಲ. ಮಗಳೊಂದಿಗೆ ಬಾರಿಪದಾದಲ್ಲಿಯೇ ಇದ್ದು 2004ರವರೆಗೆ ಅದೇ ರೋಗಿಗಳ ಸೇವೆ ಮುಂದುವರಿಸಿದರು. 2005ರಲ್ಲಿ ಭಾರತ ಸರಕಾರ ಅವರಿಗೆ ಪದ್ಮಶ್ರೀ ನೀಡಿ ಗೌರವಿಸಿತು. ಅವರು ಕ್ಷಮಿಸಿದರೆಂದು ನ್ಯಾಯಾಲಯ ಬಾಗಿಲು ಮುಚ್ಚಲಿಲ್ಲ. ಮುಖ್ಯ ಅಪರಾಧಿಗೆ ಕೆಳಗಿನ ನ್ಯಾಯಾಲಯ 2003ರಲ್ಲಿ ಮರಣದಂಡನೆ ವಿಧಿಸಿತು. 2005ರಲ್ಲಿ ಉಚ್ಚ ನ್ಯಾಯಾಲಯ ಅದನ್ನು ಜೀವಾವಧಿ ಶಿಕ್ಷೆಗೆ ಇಳಿಸಿತು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನೇ ಎತ್ತಿಹಿಡಿಯಿತು. ಕ್ಷಮೆಯನ್ನೂ ಅಪರಾಧದ ಪರಿಣಾಮವನ್ನೂ ಒಂದರಲ್ಲೊಂದು ಬೆರೆಸಬಾರದು ಎಂಬುದೇ ಆ ತಾಯಿಯ ನಿಲುವೂ ಆಗಿತ್ತು. ಸಮಾಜದ ರಕ್ಷಣೆ ಕಾನೂನಿನ ಕೆಲಸ. ತನ್ನ ಹೃದಯದಲ್ಲಿ ದ್ವೇಷ ಬೆಳೆಯದಂತೆ ನೋಡಿಕೊಳ್ಳುವುದು ಕ್ಷಮಿಸುವವನ ಕೆಲಸ.

ಶಾಲೆಗೆ ಮರಳೋಣ

ಇನ್ನು ನಮ್ಮ ಹುಡುಗನ ಮಾತು. ಅಂದು ಅವನಿಗೆ ಉತ್ತರ ಕೊಡಲಾಗದೆ ನಾವು ಅವನ ಹೆಗಲ ಮೇಲೆ ಕೈಯಿಟ್ಟು ಸುಮ್ಮನೆ ನಿಂತೆವು. ಮಾರನೆಯ ದಿನ ಕರೆದು ಹೇಳಿದೆವು: “ನಿಮ್ಮ ಅಪ್ಪನ ಕಾಲು ಮುರಿದದ್ದು ರಸ್ತೆಯ ತಗ್ಗಿನಿಂದ. ನಿನ್ನ ತಪ್ಪಿಗೂ ಅದಕ್ಕೂ ಸಂಬಂಧವಿಲ್ಲ. ಹಾಗೆ ಹೆದರಿಸಿದ್ದು ನಮ್ಮ ತಪ್ಪು. ಆದರೆ ಸಹಿ ಮಾಡಿದ್ದು ನಿನ್ನ ತಪ್ಪೇ. ಅದನ್ನು ನೀನೇ ಸರಿಪಡಿಸಬೇಕು.” ವರ್ಗದ ಎದುರಿಗೆ ಆಡಿದ ಮಾತನ್ನು ವರ್ಗದ ಎದುರಿಗೇ ಹಿಂತೆಗೆದುಕೊಂಡೆವು. ಅದು ನಮಗೆ ಸುಲಭವಾಗಲಿಲ್ಲ ಎಂಬುದನ್ನು ಮುಚ್ಚಿಡುವುದಿಲ್ಲ.

ಸಂಜೆ ಪ್ರಗತಿಪತ್ರಕ ಹಿಡಿದು ನಾವೂ ಅವನ ಜೊತೆಗೆ ಮನೆಗೆ ಹೋದೆವು. ಹುಡುಗ ಅಳುತ್ತ ಎಲ್ಲವನ್ನೂ ಹೇಳಿದ. ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದ ತಂದೆ ತುಸು ಹೊತ್ತು ಸುಮ್ಮನಿದ್ದು, “ಮಗಾ, ನಂದು ಕಾಲ ಮುರದೈತಿ, ಕೈಯೇನ್ ಮುರದಿಲ್ಲ. ಸಹಿ ಮಾಡಾಕ ನಾ ಅದೀನಲ್ಲೊ!” ಎಂದರು. ಹಳೆಯ ಸಹಿಯ ಮೇಲೆ ಗೆರೆ ಎಳೆದು ಪಕ್ಕದಲ್ಲಿ ತಮ್ಮ ಸಹಿ ಹಾಕಿದರು. ಬಿಟ್ಟುಹೋದ ಪಾಠಗಳನ್ನು ಹುಡುಗ ತಿಂಗಳಿಡೀ ಸಂಜೆ ಕುಳಿತು ಬರೆದ. ಅದು ಅವನಿಗೆ ಶಿಕ್ಷೆಯೂ ಹೌದು, ಶಿಕ್ಷಣವೂ ಹೌದು.

ಪಾಲಕರೇ, “ಬೆತ್ತವನ್ನು ಉಳಿಸಬೇಡಿರಿ” ಎಂಬ ಅರ್ಥದ ಮಾತು ಜ್ಞಾನೋಕ್ತಿಗಳಲ್ಲಿಯೂ ಇದೆ. ನಮ್ಮಲ್ಲಿಯೂ “ದಂಡಂ ದಶಗುಣಂ” ಎನ್ನುತ್ತಾರೆ. ಇಂಥ ಮಾತುಗಳ ಹೆಸರಿನಲ್ಲಿ ತಲೆಮಾರುಗಳ ಮಕ್ಕಳು ಪೆಟ್ಟು ತಿಂದಿದ್ದಾರೆ. 2009ರ ಶಿಕ್ಷಣ ಹಕ್ಕಿನ ಕಾಯ್ದೆಯ 17ನೆಯ ಕಲಮು ಶಾಲೆಯಲ್ಲಿ ಮಕ್ಕಳನ್ನು ಹೊಡೆಯುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ ನಿಷೇಧಿಸಿದೆ. ಬೆತ್ತವನ್ನು ನಾವು ಕೈಬಿಟ್ಟೆವು. ಆದರೆ ದೇವರನ್ನೇ ಬೆತ್ತವಾಗಿ ಹಿಡಿದರೆ ಆ ಪೆಟ್ಟು ಮೈಮೇಲೆ ಕಾಣುವುದಿಲ್ಲ. ಮನಸ್ಸಿನೊಳಗೆ ಬಹುಕಾಲ ಉಳಿಯುತ್ತದೆ. “ಸುಳ್ಳು ಹೇಳಿದರೆ ದೇವರು ಕಣ್ಣು ಕಳೀತಾನ” ಎಂದು ಹೆದರಿಸಿದ ಮಗುವಿಗೆ ನಾಳೆ ಕಣ್ಣುನೋವು ಬಂದರೆ ಅದು ಯಾರ ಬಳಿ ಹೋಗಿ ಅಳಬೇಕು?

ಮಕ್ಕಳೇ, ತಪ್ಪು ಮಾಡಿದರೆ ಅಡಗಿಸಬೇಡಿರಿ. ಹೇಳಿರಿ, ಸರಿಪಡಿಸಿರಿ, ಮತ್ತೆ ಮಾಡಬೇಡಿರಿ. ಗೆಳೆಯನ ಮನೆಯಲ್ಲಿ ಕಷ್ಟ ಬಂದಾಗ ಏಕೆ ಬಂತೆಂದು ಪಾಪದ ಲೆಕ್ಕ ಹಾಕಬೇಡಿರಿ. ಯೋಬನ ಗೆಳೆಯರು ಮೊದಲ ಏಳು ದಿನ ಮಾಡಿದಂತೆ ಅವನ ಹತ್ತಿರ ಹೋಗಿ ಕುಳಿತುಕೊಳ್ಳಿರಿ. ಎಂಟನೆಯ ದಿನವೂ ಅವನನ್ನು ಚುಚ್ಚಬೇಡಿರಿ.